ಬಳೆ ಕೆಳಗಿನ ಬಣ್ಣ

ಕಣಕಟ್ಟೆ ಕಡೆ ಬೇಸಿಗೆ ಬಂತೆಂದರೆ ತೆಂಗಿನ ತೋಟದ ನೆರಳೂ ಬಿಸಿಯಾಗಿಬಿಡುತ್ತದೆ. ಆ ವರ್ಷವಂತೂ ಯುಗಾದಿ ಕಳೆದದ್ದೇ ತಡ, ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೇ ಹಣೆಯ ಮೇಲೆ ಬೆವರು. ಅಂಥ ಬಿಸಿಲಿನಲ್ಲಿ ಗಂಗಯ್ಯನ ಮನೆಗೆ ಮದುವೆ ಕೂಡಿಬಂತು. ಮಗಳು ಚಿತ್ರಾಳಿಗೆ ಗೆಂಡೆಹಳ್ಳಿಯ ಸಂಬಂಧ, ಅರಸೀಕೆರೆಯ ಛತ್ರದಲ್ಲಿ ಧಾರೆ. ಹುಡುಗ ಒಳ್ಳೆಯವನು, ಮನೆತನವೂ ಒಳ್ಳೆಯದು. ಎಲ್ಲರೂ ಸಂತೋಷವಾಗಿದ್ದರು. ಒಳಗೊಳಗೇ ಬೇಯುತ್ತಿದ್ದವಳು ಹುಡುಗಿಯ ತಾಯಿ ರುದ್ರಮ್ಮ ಒಬ್ಬಳೇ.

ಅವಳ ಎರಡೂ ಕೆನ್ನೆಯ ಮೇಲೆ ಬಂಗಿನ ಕಂದು ಕಲೆ ಇತ್ತು. ಚಿತ್ರಾ ಹೊಟ್ಟೆಯಲ್ಲಿದ್ದಾಗ ಕಾಸಿನಗಲ ಕಾಣಿಸಿಕೊಂಡದ್ದು, ರಾಗಿ ಹೊಲದ ಬಿಸಿಲು ಕುಡಿದು ಕುಡಿದು ಅಂಗೈಯಗಲ ಹರಡಿ ಮೂಗಿನ ಮೇಲೆ ಹಾದು ಒಂದಾಗಿತ್ತು. ಅಷ್ಟು ವರ್ಷ ಅದನ್ನು ಯಾರೂ ಎತ್ತಿ ಆಡಿರಲಿಲ್ಲ. ನಿಶ್ಚಿತಾರ್ಥದ ದಿನ ಗಂಡಿನ ಸೋದರತ್ತೆ ಎಲೆಅಡಿಕೆ ಮೆಲ್ಲುತ್ತ ಪಕ್ಕದಲ್ಲಿ ಕೂತವಳು ಕೇಳಿಬಿಟ್ಟಳು.

"ಬೀಗಿತ್ತಿಯೋರೆ, ಮಕಕ್ಕೆ ಒಲೆ ಉರಿ ತಗುಲ್ತಾ?"

"ಇಲ್ಲ ಕಣ್ರೀ, ಬಂಗು."

"ಅಯ್ಯೋ ಬಂಗಾ! ನಾನು ಸುಟ್ಟಿದ್ದು ಅನ್ಕಂಡಿದ್ದೆ. ವಂಶದಲ್ಲೇ ಐತಾ?" ಎಂದವಳೇ ಚಿತ್ರಾಳ ಕೆನ್ನೆಯ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

ಆ ಒಂದು ನೋಟ ರುದ್ರಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತು. ನನ್ನ ಮುಖ ಹೇಗಾದರೂ ಹಾಳಾಗಲಿ, ನನ್ನಿಂದ ಮಗಳ ಮೇಲೆ ಮಾತು ಬರಬಾರದಲ್ಲ. ಛತ್ರದಲ್ಲಿ ಹಗಲಿನಂಥ ದೀಪ ಹಾಕುತ್ತಾರೆ, ವಿಡಿಯೋದವನು ಮುಖಕ್ಕೇ ಹಿಡಿಯುತ್ತಾನೆ, ಅದು ದೊಡ್ಡ ಪರದೆಯ ಮೇಲೆ ಊಟದ ಮನೆಗೂ ಕಾಣುತ್ತದೆ. ಇದನ್ನೆಲ್ಲ ನೆನೆದು ಒಂದು ದಿನ ಗಂಡನ ಹತ್ತಿರ ಬಾಯಿಬಿಟ್ಟಳು.

"ನೋಡ್ರಿ, ಧಾರೇನ ನಿಮ್ಮ ತಮ್ಮ ನಟರಾಜ, ಅವನ ಹೆಂಡ್ತಿ ಎರೀಲಿ. ನಾನು ಹಿಂದ್ಗಡೆ ನಿಂತ್ಕಂತೀನಿ."

ಗಂಗಯ್ಯ ಬೀಡಿ ಕೈಯಲ್ಲೇ ಹಿಡಿದುಕೊಂಡು ಬಾಯಿ ಬಿಟ್ಟ. "ತಲೆ ಕೆಟ್ಟೈತೇನೇ? ಹೆತ್ತೋರು ಗುಂಡುಕಲ್ಲಿನಂಗೆ ಇರುವಾಗ ಬೇರೆಯೋರು ಎರೀಬೇಕಾ? ಜನ ಏನಂತಾರೆ?"

"ಜನ ಏನಂತಾರೆ ಅಂತ್ಲೇ ಹೇಳ್ತಿರಾದು," ಎಂದು ಅವಳು ಎದ್ದು ಹೋದಳು.

ಪಕ್ಕದ ಮನೆಯ ಹುಚ್ಚಮ್ಮ ಹೆಸರಿಗಷ್ಟೇ ಹುಚ್ಚಮ್ಮ. ಹಲ್ಲುನೋವಿನಿಂದ ಹಿಡಿದು ಹಸು ಹಾಲು ಕೊಡದಿದ್ದುದಕ್ಕೂ ಅವಳ ಬಳಿ ಮದ್ದು ಸಿಗುತ್ತಿತ್ತು. ರುದ್ರಮ್ಮನ ಸಂಕಟ ಕೇಳಿದವಳೇ ಸೆರಗಿನಿಂದ ಒಂದು ಪುಟ್ಟ ಮುಲಾಮಿನ ಟ್ಯೂಬು ತೆಗೆದಳು.

"ಮಲಗೋವಾಗ ಹಚ್ಚೆ. ನಮ್ಮಣ್ಣನ ಸೊಸೆ ಇದನ್ನೇ ಹಚ್ಚಿ ಹಾಲು ಹಂಗಾಗವ್ಳೆ. ಔಷಧಿ ಅಂಗ್ಡೀಲಿ ಕೇಳಿದ್ರೆ ಚೀಟಿ ಇಲ್ದಲೇ ಕೊಡ್ತಾರೆ."

ಹಚ್ಚಿದಳು. ಬಂಗು ತಿಳಿಯಾಗತೊಡಗಿತು. ರುದ್ರಮ್ಮನಿಗೆ ಹೋದ ಜೀವ ಬಂದಂತಾಯಿತು. ಒಂದು ಮುಗಿಯಿತು, ಇನ್ನೊಂದು ತರಿಸಿದಳು. ಆದರೆ ದಿನ ಕಳೆದಂತೆ ಬಿಸಿಲಿಗೆ ಬಂದರೆ ಸಾಕು, ಕೆನ್ನೆ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯತೊಡಗಿತು. ಸಣ್ಣ ಸಣ್ಣ ಗುಳ್ಳೆ ಎದ್ದವು. ಒಂದು ದಿನ ಹಚ್ಚದೆ ಬಿಟ್ಟರೆ ಮುಖ ಕೆಂಪೇರಿ ಬಿಗಿಯುತ್ತಿತ್ತು, ಹಚ್ಚಿದರೆ ತಣ್ಣಗಾಗುತ್ತಿತ್ತು. ಹಾಗಾಗಿ ಮತ್ತೆ ಹಚ್ಚುವುದು. ಕುಡುಕನಿಗೆ ಕುಡಿತದಿಂದಲೇ ಕೈನಡುಕ ನಿಲ್ಲುವ ಹಾಗೆ ಆಯಿತು ಅವಳ ಪಾಡು.

ಕೆಂಪು ಮುಚ್ಚಬೇಕಲ್ಲ, ಅದಕ್ಕೆ ಫೌಂಡೇಶನ್ ಎಂಬ ಮುಖದ ಬಣ್ಣ ಹಚ್ಚಬೇಕೆಂದು ಟೀವಿಯಲ್ಲಿ ನೋಡಿ ತಿಳಿದಿದ್ದಳು. ಸಂತೆಗೆ ಹೋಗುವ ನೆಪದಲ್ಲಿ ಅರಸೀಕೆರೆಗೆ ಹೋಗಿ, ಸೆರಗು ಮುಖಕ್ಕೆಳೆದುಕೊಂಡು ಒಂದು ಫ್ಯಾನ್ಸಿ ಅಂಗಡಿ ಹೊಕ್ಕಳು. ಅಂಗಡಿಯ ಹುಡುಗಿ ಬಗೆಬಗೆಯ ಬಣ್ಣದ ಬಾಟಲು ಮುಂದಿಟ್ಟು, "ಯಾವುದು ಬೇಕಮ್ಮ?" ಎಂದಳು. ರುದ್ರಮ್ಮ ಎಡಗೈಯ ಬಳೆಗಳನ್ನೆಲ್ಲ ಮೊಳಕೈಯತ್ತ ಸರಿಸಿ, ಅದರಡಿಯ ಬೆಳ್ಳಗಿನ ಪಟ್ಟೆಯನ್ನು ತೋರಿಸಿ, "ಇದಕ್ಕೆ ಒಪ್ಪೋದು ಕೊಡವ್ವ," ಎಂದಳು. ಹುಡುಗಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹಚ್ಚಿ ನೋಡಿ, ಒಪ್ಪಿತು ಎಂದು ಕಟ್ಟಿಕೊಟ್ಟಳು. ಮದುವೆ ಮನೆಯಲ್ಲಿ ಬೆವರಿಗೆ ಅಳಿಸಿಹೋಗಬಾರದು ಎಂದು ರುದ್ರಮ್ಮ ಕೇಳಿದ್ದರಿಂದ, ಇದ್ದದ್ದರಲ್ಲಿ ಬಲು ಗಟ್ಟಿಯದನ್ನೇ, ಎಣ್ಣೆ ಜಿಡ್ಡಿನದನ್ನೇ ಕೊಟ್ಟಳು.

ಬಣ್ಣವನ್ನು ಹಾಗೆ ಆರಿಸುವುದು ರುದ್ರಮ್ಮನ ಅವ್ವ ಕಲಿಸಿದ್ದು. ಹೆಣ್ಣು ನೋಡಲು ಬಂದವರ ಮುಂದೆ ಆಕೆ ಮಗಳ ಬಳೆ ಸರಿಸಿ, "ನೋಡಿ, ಇದು ನಮ್ಮುಡುಗಿ ನಿಜವಾದ ಬಣ್ಣ, ಮಿಕ್ಕಿದ್ದು ಬಿಸಿಲಿಂದು," ಎನ್ನುತ್ತಿದ್ದಳು. ಆ ಕಡೆಯ ಮನೆಮನೆಯಲ್ಲೂ ಆ ಮಾತು ಇತ್ತು.

ಮದುವೆಗೆ ಇನ್ನೂ ತಿಂಗಳ ಮೇಲಿತ್ತು. ಲಗ್ನಪತ್ರಿಕೆ ಹಂಚಲು ಗಂಗಯ್ಯನ ಬೈಕಿನ ಹಿಂದೆ ಕೂತು ರುದ್ರಮ್ಮ ಹಳೇಬೀಡಿಗೆ ಹೊರಟಳು. ಹೇಗೆ ಕಾಣುತ್ತದೋ ನೋಡೋಣವೆಂದು ಅಂದೇ ಫೌಂಡೇಶನ್ ದಪ್ಪಗೆ ಬಳಿದುಕೊಂಡಳು. ಗಂಗಯ್ಯ ತಿರುಗಿ ನೋಡಿ, "ಏನೇ, ಹಿಟ್ಟಿನ ಗಿರಣಿಗೆ ಹೋಗಿದ್ದಾ?" ಎಂದ. ದಾರಿಯಲ್ಲಿ ಸೂರ್ಯ ನೆತ್ತಿಗೆ ಬಂದ. ಬೆವರು ಹಣೆಯಿಂದ ಇಳಿದು ಕೆನ್ನೆಯಲ್ಲಿ ಗೆರೆ ಕೊರೆಯಿತು. ಗೆರೆ ಇಳಿದ ಕಡೆಯೆಲ್ಲ ಉರಿ. ಹಳೇಬೀಡಿನ ನೆಂಟರ ಮನೆಯಲ್ಲಿ ಕೈಕಾಲು ತೊಳೆಯಲು ಹೋಗಿ ಕನ್ನಡಿ ನೋಡಿದಾಗ ಅವಳಿಗೇ ದಿಗಿಲಾಯಿತು. ಕತ್ತು ಕಪ್ಪು, ಮುಖ ಬೂದಿ, ನಡುನಡುವೆ ಕೆಂಪು ಗೀರು. ಹಸಿ ಸುಣ್ಣದ ಗೋಡೆಗೆ ಮಳೆ ಹೊಡೆದರೆ ಹೇಗೋ ಹಾಗೆ. ಒರಟು ಟವೆಲಿನಲ್ಲಿ ತಿಕ್ಕಿ ತಿಕ್ಕಿ ಒರೆಸಿದಳು. ಬೇಲೂರಿನಲ್ಲಿ ಹಂಚಬೇಕಾಗಿದ್ದ ಪತ್ರಿಕೆ ಚೀಲದಲ್ಲೇ ಉಳಿಯಿತು.

ಮಾರನೆಯ ಬೆಳಿಗ್ಗೆ ಅವಳ ಕಣ್ಣು ತೆರೆಯಲಿಲ್ಲ. ಮುಖ ಊದಿ, ರೆಪ್ಪೆ ಅಂಟಿಕೊಂಡು, ಕೆನ್ನೆಯಲ್ಲಿ ನೀರೊಸರುತ್ತಿತ್ತು.

"ಜೇನು ಕಚ್ತೇನೇ?" ಗಂಗಯ್ಯ ಹಾಸಿಗೆಯ ಬಳಿ ಓಡಿಬಂದ.

"ಅಮ್ಮ, ಏನು ಹಚ್ಕೊಂಡೆ? ಹೇಳಮ್ಮ!" ಚಿತ್ರಾ ಅಳತೊಡಗಿದಳು.

ರುದ್ರಮ್ಮ ಕೋಣೆಯ ಬಾಗಿಲು ಹಾಕಿಕೊಂಡಳು. ಆಸ್ಪತ್ರೆಗೆ ಬರುವುದಿಲ್ಲವೆಂದಳು. ಮದುವೆ ಗೊತ್ತಾದ ಮನೆಯಿಂದ ಊದಿದ ಮುಖ ಹೊತ್ತು ಬಸ್ಸು ಹತ್ತಿದರೆ ಸುದ್ದಿ ಗೆಂಡೆಹಳ್ಳಿಗೆ ಅವಳಿಗಿಂತ ಮುಂಚೆ ಹೋಗುತ್ತದೆ. ಹುಚ್ಚಮ್ಮ ಬಾಗಿಲ ಸಂದಿಯಿಂದ, "ಟ್ಯೂಬು ಇನ್ನೊಸಿ ಜಾಸ್ತಿ ಹಚ್ಚೆ, ಇಳೀತದೆ," ಎಂದು ಹೇಳಿ ಹೋದಳು. ಟ್ಯೂಬು ದಿಂಬಿನ ಕೆಳಗೇ ಇತ್ತು.

ಚಿತ್ರಾ ತನ್ನ ಗೆಳತಿ ನಂದಿತಾಳಿಗೆ ಫೋನು ಮಾಡಿದಳು. ನಂದಿತಾ ಅದೇ ಊರಿನ ಕೆಂಚಪ್ಪನ ಮಗಳು. ಚಿತ್ರಾಳ ಜೊತೆ ಶಾಲೆಗೆ ಹೋದವಳು, ಈಗ ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ನರ್ಸು. ರಜೆಗೆ ಊರಿಗೆ ಬಂದಿದ್ದವಳು ಕೂಡಲೇ ಬಂದಳು. ಅವಳ ತಾತ ಈ ಮನೆಗೆ ಬಂದರೆ ಅಂಗಳದಲ್ಲೇ ನಿಲ್ಲುತ್ತಿದ್ದ. ಅಪ್ಪ ಕೆಂಚಪ್ಪ, ಕರೆಂಟ್ ಆಫೀಸಿನ ಕೆಲಸ ಸಿಕ್ಕ ಮೇಲೂ, ಜಗುಲಿಯ ಅಂಚಿಗೆ ಕೂತು ಮಾತಾಡಿ ಹೋಗುತ್ತಿದ್ದ. ಕೋಣೆಯೊಳಗಿದ್ದ ರುದ್ರಮ್ಮ ಅದನ್ನೆಲ್ಲ ನೆನೆಯುವ ಸ್ಥಿತಿಯಲ್ಲಿರಲಿಲ್ಲ.

"ಒಳೀಕ್ ಬಾರವ್ವ ನಂದಿತಾ," ಎಂದು ಕೂಗಿದಳು.

"ಒಳಗೆ ಬೇಡ ಆಂಟಿ, ನೀವೇ ಜಗುಲಿಗೆ ಬನ್ನಿ. ಕತ್ತಲಲ್ಲಿ ನನಗೇನು ಕಾಣುತ್ತೆ? ಬೆಳಕು ಬೇಕು."

ರುದ್ರಮ್ಮ ಗೋಡೆ ಹಿಡಿದುಕೊಂಡು ಬಂದು ಕೂತಳು. ನಂದಿತಾ ಅವಳ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಉಸಿರಾಡಲು ತೊಂದರೆ ಇದೆಯೇ, ನಾಲಗೆ ದಪ್ಪಗಾಗಿದೆಯೇ ಎಂದು ಮೊದಲು ಕೇಳಿದಳು. ಇಲ್ಲವೆಂದ ಮೇಲೆ, "ಏನೇನು ಹಚ್ಚಿದ್ರೋ ಎಲ್ಲ ತನ್ನಿ," ಎಂದಳು. ಟ್ಯೂಬು ಬಂತು, ಬಾಟಲು ಬಂತು.

"ಈ ಟ್ಯೂಬಲ್ಲಿ ಸ್ಟೀರಾಯ್ಡ್ ಇದೆ ಆಂಟಿ. ಡಾಕ್ಟ್ರು ನೋಡಿ, ಇಷ್ಟು ದಿನ ಮಾತ್ರ ಅಂತ ಹೇಳಿ ಕೊಡೋ ಔಷಧಿ ಇದು. ನಾವೇ ತಗೊಂಡು ಹಚ್ತಾ ಹೋದ್ರೆ ಚರ್ಮ ಈರುಳ್ಳಿ ಸಿಪ್ಪೆ ಥರ ತೆಳ್ಳಗಾಗುತ್ತೆ. ಬಿಸಿಲು ತಡಿಯಲ್ಲ, ಬೆವರು ತಡಿಯಲ್ಲ. ಅದರ ಮೇಲೆ ಈ ಜಿಡ್ಡು ಬೇರೆ ಮೆತ್ತಿದ್ದೀರ."

ಅಷ್ಟರಲ್ಲಿ ಮತ್ತೆ ಬಂದು ನಿಂತಿದ್ದ ಹುಚ್ಚಮ್ಮ ಬಿಡಲಿಲ್ಲ. "ನಮ್ಮಣ್ಣನ ಸೊಸೆಗೆ ಏನೂ ಆಗ್ಲಿಲ್ವಲ್ಲಮ್ಮ!"

"ಅವರನ್ನ ಮಧ್ಯಾಹ್ನ ಬಿಸಿಲಲ್ಲಿ ನೋಡಿದ್ದೀರಾ ಹುಚ್ಚಮ್ಮನೋರೆ?"

ಹುಚ್ಚಮ್ಮ, "ಅವ್ಳು ಈಚೆ ಈಚೆಗೆ ಮನೆ ಬಿಟ್ಟು ಆಚೆಗೇ ಬರಲ್ಲ," ಎಂದಳು. ಅಂದ ಮೇಲೆ ಅವಳಿಗೇ ಏನೋ ಹೊಳೆದಂತಾಗಿ ಟ್ಯೂಬಿನ ಕಡೆ ನೋಡಿದಳು.

ನಂದಿತಾ ಬಾಟಲನ್ನು ಬೆಳಕಿಗೆ ಹಿಡಿದಳು. "ಆಂಟಿ, ಈ ಬಣ್ಣ ನಿಮಗೆ ಯಾರು ಆರಿಸಿಕೊಟ್ರು?"

ರುದ್ರಮ್ಮ ಬಳೆ ಸರಿಸಿ ತೋರಿಸಿದಳು. "ನಾನೇ. ಇದೇ ಅಲ್ವೇನವ್ವ ನನ್ನ ನಿಜವಾದ ಬಣ್ಣ?"

"ಧಾರೆಗೆ ನಿಮ್ಮ ಮುಖ ಹೋಗುತ್ತೋ ಮುಂಗೈ ಹೋಗುತ್ತೋ?"

ಚಿತ್ರಾಳಿಗೆ ಅಳುವಿನ ನಡುವೆಯೂ ನಗು ಬಂತು. ರುದ್ರಮ್ಮನಿಗೆ ಬರಲಿಲ್ಲ. "ನಮ್ಮವ್ವ ಸುಳ್ಳು ಹೇಳ್ತಿದ್ಲಾ ಹಂಗಾದ್ರೆ?"

"ಸುಳ್ಳಲ್ಲ ಆಂಟಿ. ಅದೂ ನಿಮ್ಮ ಬಣ್ಣಾನೇ, ಇದೂ ನಿಮ್ಮ ಬಣ್ಣಾನೇ. ಬಳೆ ಕೆಳಗೆ ಬಿಸಿಲೇ ಬೀಳಲ್ಲ, ಅದಕ್ಕೆ ಅದು ಬೆಳ್ಳಗಿದೆ. ಮುಖ ಇಷ್ಟು ವರ್ಷ ಹೊಲದಲ್ಲಿ ನಿಂತಿದೆ. ಮುಂಗೈ ಬಣ್ಣ ತಂದು ಮುಖಕ್ಕೆ ಬಳಿದ್ರೆ ಮುಖವಾಡ ಕಟ್ಟಿದ ಹಾಗೆ ಕಾಣುತ್ತೆ. ಕತ್ತೇ ಚಾಡಿ ಹೇಳುತ್ತೆ."

ರುದ್ರಮ್ಮ ಬಳೆಗಳನ್ನು ಕೆಳಕ್ಕೆ ಬಿಟ್ಟಳು. ಮೆಲ್ಲಗೆ ಕೇಳಿದಳು, "ಧಾರೆ ಹೊತ್ಗೆ ಇದು ಇಳೀತದಾ?"

"ನಾನು ಹೇಳಕ್ಕಾಗಲ್ಲ ಆಂಟಿ. ಇವತ್ತೇ ಚರ್ಮದ ಡಾಕ್ಟ್ರ ಹತ್ರ ಹೋಗೋಣ. ಟ್ಯೂಬು ಹಚ್ಚೋದೂ ಬಿಡೋದೂ ಅವರು ಹೇಳಿದ ಹಾಗೆ ಆಗ್ಲಿ."

ಗಂಗಯ್ಯ ಬಸ್ಸಿಗೆ ಕಾಯದೆ ಊರವರ ಕಾರು ಕೇಳಿ ತಂದ. ಆಸ್ಪತ್ರೆಯ ಡಾಕ್ಟರಮ್ಮ ನೋಡಿದರು, ಔಷಧಿ ಬರೆದರು, ಬೈಯಲಿಲ್ಲ. ಆದರೆ ಒಂದು ಮಾತು ಸ್ಪಷ್ಟವಾಗಿ ಹೇಳಿದರು. "ಉರಿ, ಊತ ಇಳಿಯುತ್ತೆ. ಒಮ್ಮೊಮ್ಮೆ ಮತ್ತೆ ಕೆಂಪೇರಬಹುದು, ಹೆದರಿ ಹಳೇ ಟ್ಯೂಬಿಗೆ ಕೈ ಹಾಕಬೇಡಿ. ಬಂಗು ಮಾತ್ರ ಮದುವೆಯೊಳಗೆ ಹೋಗಲ್ಲ. ಅದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು, ಬಿಸಿಲಿನಿಂದ ಕಾಪಾಡಿಕೊಳ್ಳಬೇಕು. ನಾನು ಹೇಳೋವರೆಗೂ ಮುಖಕ್ಕೆ ಯಾವ ಬಣ್ಣವೂ ಬೇಡ."

ಆಮೇಲಿನ ದಿನಗಳನ್ನು ರುದ್ರಮ್ಮ ಹೇಗೆ ಕಳೆದಳೋ ಅವಳಿಗೇ ಗೊತ್ತು. ಹಪ್ಪಳ ಸಂಡಿಗೆ ಹಾಕಲು ನೆರೆಯವರು ಬಂದರೆ ಸೆರಗು ಇಳಿಬಿಟ್ಟುಕೊಂಡು ಅಡುಗೆಮನೆ ಸೇರುತ್ತಿದ್ದಳು. ಒಂದು ದಿನ ಕೆನ್ನೆ ತಿಳಿಯಾದರೆ ಮರುದಿನ ಮತ್ತೆ ಕೆಂಪು. ಉರಿ ತಡೆಯಲಾರದೆ ದಿಂಬು ಸರಿಸಿ ನೋಡಿದ್ದೂ ಉಂಟು, ಟ್ಯೂಬನ್ನು ಚಿತ್ರಾ ಎಂದೋ ಎಸೆದಿದ್ದಳು. ಗಂಗಯ್ಯ ದಿನಾ ಬೆಳಿಗ್ಗೆ ಹೆಂಡತಿಯ ಮುಖ ನೋಡುತ್ತಿದ್ದ, ಕೇಳುತ್ತಿರಲಿಲ್ಲ. ಒಂದು ದಿನ ಮಾತ್ರ ತಾನಾಗಿ, "ನಟರಾಜಂಗೆ ಹೇಳಿಲ್ಲ ಕಣೇ. ಹೇಳೋದೂ ಇಲ್ಲ," ಎಂದ. ಧಾರೆಯ ವಿಷಯವೆಂದು ಅವಳಿಗೆ ತಿಳಿಯಿತು.

ಊತ ಇಳಿಯಿತು, ಗುಳ್ಳೆ ಒಣಗಿದವು. ಬಂಗು ಮಾತ್ರ ಮೊದಲಿನಂತೆಯೇ ಬಂದು ಕೂತಿತು. ಮದುವೆಯ ಹಿಂದಿನ ವಾರ ಡಾಕ್ಟರಮ್ಮ ಪರೀಕ್ಷೆ ಮಾಡಿ, ತೆಳುವಾದ, ವಾಸನೆ ಇಲ್ಲದ ಬಣ್ಣವನ್ನು ಸ್ವಲ್ಪ ಹೊತ್ತು ಹಚ್ಚಬಹುದು ಎಂದರು. ಮದುವೆಗೆಂದು ಮತ್ತೆ ರಜೆ ಹಾಕಿ ಬಂದಿದ್ದ ನಂದಿತಾ ಅವತ್ತೇ ತಾಯಿ ಮಗಳಿಬ್ಬರನ್ನೂ ಅರಸೀಕೆರೆಯ ಅಂಗಡಿಗೆ ಕರೆದೊಯ್ದಳು.

"ಬೇಸಿಗೆಗೆ ಎಣ್ಣೆ ಜಿಡ್ಡಿಂದು ಬೇಡ ಆಂಟಿ. ನೀರಿನಂಶ ಇರೋದು, ಹಗುರವಾದ್ದು ತಗೋಬೇಕು. ಗಟ್ಟಿಯಾದ್ದು ಬೆವರನ್ನ ಒಳಗೇ ಹಿಡಿಯುತ್ತೆ, ಗುಳ್ಳೆ ಏಳುತ್ತೆ. ಬಾಟಲ್ ಮೇಲೆ ತಾರೀಕು ನೋಡಿ, ಅವಧಿ ಮುಗಿದಿರಬಾರದು."

ನಂದಿತಾ ಮಾದರಿ ಬಾಟಲುಗಳಿಂದ ಮೂರು ಬಣ್ಣಗಳನ್ನು ರುದ್ರಮ್ಮನ ದವಡೆಯ ಅಂಚಿನಲ್ಲಿ, ಕೆನ್ನೆಯೂ ಕತ್ತೂ ಸೇರುವ ಕಡೆ, ಒಂದರ ಪಕ್ಕ ಒಂದು ಗೀರಿದಳು. ಗೀರಿದವಳೇ ಕೈ ಹಿಡಿದು ಅಂಗಡಿಯಿಂದ ಆಚೆ ರಸ್ತೆಗೆ ಎಳೆದುಕೊಂಡು ಬಂದಳು.

"ಬೀದೀಲಾ? ಜನ ನೋಡ್ತಾರೆ ಕಣೇ!"

"ನೋಡ್ಲಿ. ಟ್ಯೂಬ್‌ಲೈಟ್ ಎಲ್ಲಾರ್ನೂ ಬೆಳ್ಳಗೆ ಮಾಡುತ್ತೆ. ಹಗಲು ಬೆಳಕು ಯಾರ ಮುಲಾಜೂ ನೋಡಲ್ಲ."

ಚಿತ್ರಾ ಕನ್ನಡಿ ಹಿಡಿದಳು. ರುದ್ರಮ್ಮ ತನ್ನ ದವಡೆಯ ಮೇಲಿನ ಮೂರು ಗೆರೆ ನೋಡಿ, ಅಷ್ಟು ದಿನಗಳಲ್ಲಿ ಮೊದಲ ಬಾರಿ ನಕ್ಕಳು. "ಇದೇನವ್ವ, ವಿಭೂತಿ ಹಣೆ ಬಿಟ್ಟು ದವಡೆಗೆ ಇಳೀತು!"

"ಒಣಗಲಿ, ಸ್ವಲ್ಪ ಹೊತ್ತು ಇರಿ. ಕೆಲವು ಬಣ್ಣ ಒಣಗಿದ ಮೇಲೆ ಕಪ್ಪಾಗುತ್ತೆ. ಮೂರರಲ್ಲಿ ಯಾವುದು ಕಾಣದ ಹಾಗೆ ಮಾಯ ಆಗುತ್ತೋ ಅದು ನಿಮ್ದು."

ಅವರು ಅಂಗಡಿಯ ಮುಂದೆ ನಿಂತು ಕಬ್ಬಿನ ಹಾಲು ಕುಡಿದರು. ಕುಡಿದು ಮುಗಿಸುವ ಹೊತ್ತಿಗೆ ಮೊದಲ ಗೆರೆ ಬೂದಿಯಾಗಿ ಎದ್ದು ಕಾಣುತ್ತಿತ್ತು, ಕೊನೆಯದು ಕಂದಿ ನಿಂತಿತ್ತು. ನಡುವಿನದು ಎಲ್ಲಿ ಹೋಯಿತೋ ಹುಡುಕಬೇಕಾಯಿತು.

"ಇಷ್ಟು ಕಂದು ಬಣ್ಣಾನಾ ನಾನು?" ರುದ್ರಮ್ಮನ ದನಿ ಇಳಿಯಿತು.

ಈ ಸಲ ಉತ್ತರ ಕೊಟ್ಟವಳು ಚಿತ್ರಾ. "ನಾನೂ ಇದೇ ಬಣ್ಣ ಕಣಮ್ಮ. ನೋಡು," ಎಂದು ತನ್ನ ಕೆನ್ನೆಯನ್ನು ತಾಯಿಯ ಕೆನ್ನೆಗೆ ತಂದು, ಕನ್ನಡಿ ಇಬ್ಬರಿಗೂ ಸೇರಿ ಹಿಡಿದಳು. "ಪಾರ್ಲರ್‌ನೋರು ನನ್ನ ಇರೋದಕ್ಕಿಂತ ಬೆಳ್ಳಗೆ ಮಾಡ್ತೀವಿ ಅಂದವ್ರೆ. ಬೇಡ ಅಂತೀನಿ."

ರುದ್ರಮ್ಮ ಕನ್ನಡಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ನಡುವಿಂದೇ ತಗಳವ್ವ," ಎಂದಳು.

ಊರಿಗೆ ಬಂದ ಮೇಲೂ ನಂದಿತಾ ಅದನ್ನು ಮುಖಕ್ಕೆ ಹಚ್ಚಲು ಬಿಡಲಿಲ್ಲ. ಮೊದಲು ಮೊಳಕೈ ಮಡಿಕೆಯಲ್ಲಿ, ಕಿವಿಯ ಹಿಂದೆ ಒಂದೊಂದು ಚುಕ್ಕೆ. ಎರಡು ದಿನ ಕಾಯಬೇಕು, ತುರಿಕೆ ಬಂದರೆ, ಕೆಂಪಾದರೆ ಅದು ಆಗಿಬರುವುದಿಲ್ಲ. ರುದ್ರಮ್ಮ ಗಳಿಗೆಗೊಮ್ಮೆ ಚಿತ್ರಾಳನ್ನು ಕರೆದು ಕಿವಿಯ ಹಿಂದೆ ತೋರಿಸುತ್ತಿದ್ದಳು. "ಕೆಂಪಗೈತಾ? ನಿಜ ಹೇಳು, ಕೆಂಪಗೈತಾ?" ಚುಕ್ಕೆ ಸುಮ್ಮನೆ ಇದ್ದಲ್ಲೇ ಇತ್ತು.

ಧಾರೆಯ ಬೆಳಿಗ್ಗೆ ಛತ್ರದ ಕೋಣೆಯಲ್ಲಿ ನಂದಿತಾ ರುದ್ರಮ್ಮನ ಮುಖ ತೊಳೆಸಿ, ಮೊದಲು ಡಾಕ್ಟರಮ್ಮ ಬರೆದುಕೊಟ್ಟ ಬಿಸಿಲು ತಡೆಯುವ ಸನ್‌ಸ್ಕ್ರೀನ್ ಹಚ್ಚಿಸಿದಳು. ಅದನ್ನು ಚರ್ಮ ಹೀರಿಕೊಂಡ ಮೇಲೆ ಫೌಂಡೇಶನ್, ಕಡಲೆಕಾಳಿನಷ್ಟು. ಬಂಗಿನ ಮೇಲೆ ಮಾತ್ರ ಬೆರಳ ತುದಿಯಿಂದ ಇನ್ನೊಂದು ಚೂರು ತಟ್ಟಿದಳು. ರುದ್ರಮ್ಮ ಕನ್ನಡಿ ನೋಡಿ, "ಇನ್ನೂ ಕಾಣ್ತೈತಲ್ಲೇ," ಎಂದಳು.

"ಸ್ವಲ್ಪ ಕಾಣುತ್ತೆ ಆಂಟಿ. ಪೂರ್ತಿ ಮುಚ್ಚಬೇಕು ಅಂದ್ರೆ ಮತ್ತೆ ಗೋಡೆ ಬಳಿದ ಹಾಗಾಗುತ್ತೆ. ಬೆವರಿದ್ರೆ ತಿಕ್ಕಬೇಡಿ, ಈ ಬಟ್ಟೆಯಲ್ಲಿ ಒತ್ತಿದ್ರೆ ಸಾಕು."

ವೇದಿಕೆಯ ಮೇಲೆ ದೀಪಗಳು ಸುಡುತ್ತಿದ್ದವು. ವಾಲಗ ಜೋರಾಯಿತು. ನಟರಾಜನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಒಂದು ಹೆಜ್ಜೆ ಹಿಂದೆ ಸರಿದರೆ ಸಾಕು, ಧಾರೆಯ ಚೆಂಬು ಅವಳ ಕೈಗೆ ಹೋಗುತ್ತಿತ್ತು. ರುದ್ರಮ್ಮನ ಕಾಲು ಹಿಂದಕ್ಕೆ ಎಳೆಯಿತು ಕೂಡ. ಗಂಗಯ್ಯ ಚೆಂಬನ್ನು ಅವಳ ಮುಂದೆ ಹಿಡಿದ. ಅವಳು ಹಿಡಿದಳು. ನೀರು ಮಗಳ ಕೈ ಮೇಲೆ ಬಿತ್ತು, ಅದರ ಜೊತೆಗೇ ಅವಳ ಕಣ್ಣಿನ ನೀರೂ ಇಳಿಯಿತು. ಮಗಳ ಕೈ ನೋಡುತ್ತ ನಿಂತವಳ ಮನಸ್ಸಿನಲ್ಲಿ ಬೇರೆ ಯಾವುದೂ ಉಳಿಯಲಿಲ್ಲ.

"ಅಮ್ಮ, ಸ್ವಲ್ಪ ತಲೆ ಎತ್ತಿ, ಈ ಕಡೆ ನೋಡಿ," ಎಂದ ವಿಡಿಯೋದವನು.

ರುದ್ರಮ್ಮ ತಲೆ ಎತ್ತಿದಳು.

ಅಂದು ಸಂಜೆ, ಹೆಣ್ಣನ್ನು ಕಳುಹಿಸಿಕೊಟ್ಟ ಮೇಲೆ, ಅಳುತ್ತಲೇ ಮುಖ ತೊಳೆದು ಬಣ್ಣ ತೆಗೆದು, ಆಮೇಲೆ ಮಲಗಿದಳು. ಬಂಗಿಗೆ ಡಾಕ್ಟರಮ್ಮನ ಔಷಧಿ ಈಗಲೂ ನಡೆಯುತ್ತಿದೆ. ಹೊಲಕ್ಕೆ ಹೊರಟಾಗ ಸನ್‌ಸ್ಕ್ರೀನ್, ತಲೆ ಮೇಲೆ ಅಗಲ ಅಂಚಿನ ಟೋಪಿ. "ದೊರೆಸಾನಿ ಹೊಲಕ್ಕೆ ಹೊಂಟ್ಲು," ಎಂದು ರೇಗಿಸುತ್ತಿದ್ದ ಗಂಗಯ್ಯ ಮೊನ್ನೆಯಿಂದ, "ನನ್ನ ಮೂಗಿಗೂ ಒಂಚೂರು ಹಚ್ಚೇ," ಎನ್ನುತ್ತಿದ್ದಾನೆ. ಹುಚ್ಚಮ್ಮ ಅಣ್ಣನ ಸೊಸೆಯನ್ನು ತಾನೇ ಕರೆದುಕೊಂಡು ಆಸ್ಪತ್ರೆಗೆ ಹೋಗಿ ಬಂದಳು.

ತಾಯಂದಿರೇ, ಅಕ್ಕತಂಗಿಯರೇ, ಮದುವೆ ಮುಂಜಿ ಎಲ್ಲ ಬೇಸಿಗೆಯಲ್ಲೇ ಬರುತ್ತವೆ. ಮುಖಕ್ಕೆ ಬಣ್ಣ ಹಚ್ಚುವುದು ತಪ್ಪಲ್ಲ, ಆಸೆಪಡುವುದೂ ತಪ್ಪಲ್ಲ. ಫೌಂಡೇಶನ್ ಕೊಳ್ಳುವಾಗ ಹಗುರವಾದದ್ದನ್ನು, ಜಿಡ್ಡಿಲ್ಲದ್ದನ್ನು ಕೇಳಿ. ದವಡೆಯ ಅಂಚಿಗೆ ಹಚ್ಚಿ, ಅಂಗಡಿಯಿಂದ ಆಚೆ ಬಂದು ಹಗಲು ಬೆಳಕಿನಲ್ಲಿ ನೋಡಿ. ಚುಕ್ಕೆಯಿಟ್ಟು ಎರಡು ದಿನ ಕಾಯುವ ತಾಳ್ಮೆ ಇರಲಿ, ಮನೆಗೆ ಬಂದ ಮೇಲೆ ತೊಳೆಯದೆ ಮಲಗಬೇಡಿ. ಬಣ್ಣ ಹಚ್ಚಲು ಒಬ್ಬರು ಮುಖಕ್ಕೆ ಒತ್ತಿದ ಸ್ಪಂಜನ್ನು ಇನ್ನೊಬ್ಬರು ಮುಟ್ಟಬೇಡಿ. ಬೇಗ ಬೆಳ್ಳಗೆ ಮಾಡುತ್ತೇನೆನ್ನುವ ಟ್ಯೂಬನ್ನು ಯಾರು ಪ್ರೀತಿಯಿಂದ ಕೊಟ್ಟರೂ, ಡಾಕ್ಟರು ಹೇಳದೆ ಹಚ್ಚಬೇಡಿ. ಈಗಾಗಲೇ ಹಚ್ಚುತ್ತಿದ್ದರೆ, ಕೆನ್ನೆ ಬಿಸಿಲಿಗೆ ಉರಿಯುತ್ತಿದ್ದರೆ, ನಾಚಿಕೊಂಡು ಕೋಣೆಯಲ್ಲಿ ಕೂರಬೇಡಿ. ನಾಳೆ ಬೆಳಿಗ್ಗೆಯೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಜೊತೆಗೆ ಆ ಟ್ಯೂಬನ್ನೂ ತೆಗೆದುಕೊಂಡು ಹೋಗಿ ತೋರಿಸಿ.